ಬೌಲರ್ ಚಾಚಿದ ಬಲಗಾಲು: ಎಲಿಸ್ ಪೆರಿ ಮತ್ತು ಎರಡು ಆಟಗಳ ಕಾಲ

2010ರ ಮೇ 16, ಬಾರ್ಬಡೋಸ್‌ನ ಬ್ರಿಜ್‌ಟೌನ್. ಮಹಿಳೆಯರ ಟಿ20 ವಿಶ್ವಕಪ್ ಫೈನಲ್‌ನಲ್ಲಿ ಇನ್ನು ಒಂದೇ ಎಸೆತ ಬಾಕಿ. ಆಸ್ಟ್ರೇಲಿಯಾ ಹೊಡೆದದ್ದು ಬರೀ 106. ನ್ಯೂಜಿಲೆಂಡ್ 102ಕ್ಕೆ ಬಂದು ನಿಂತಿದೆ. ಐದು ರನ್ ಬಂದರೆ ಗೆಲುವು, ಬೌಂಡರಿ ಹೋದರೆ ಟೈ. ಚೆಂಡು 19 ವರ್ಷದ ಎಲಿಸ್ ಪೆರಿ ಕೈಯಲ್ಲಿದೆ. ಎದುರಿಗೆ 20 ವರ್ಷದ ಸೋಫಿ ಡಿವೈನ್.

ಡಿವೈನ್ ಎತ್ತಿ ಹೊಡೆಯಲಿಲ್ಲ. ನೇರವಾಗಿ, ನೆಲಕ್ಕೆ ತಾಗಿದ ಹಾಗೆ, ಬಂದ ದಾರಿಯಲ್ಲೇ ಚೆಂಡನ್ನು ವಾಪಸ್ ಕಳಿಸಿದರು. ಹಿಂದೆ ಯಾರೂ ಇಲ್ಲ. ಬೌಲರ್ ದಾಟಿದರೆ ಅದು ಬೌಂಡರಿಯೇ. ವೇಗದ ಬೌಲರ್ ಚೆಂಡು ಬಿಟ್ಟ ಆ ಕ್ಷಣದಲ್ಲಿ ದೇಹ ಇನ್ನೂ ಮುಂದಕ್ಕೆ ಮುಗ್ಗರಿಸುತ್ತಾ ಇರುತ್ತದೆ, ಬಗ್ಗಿ ಕೈ ಹಾಕುವಷ್ಟು ಹೊತ್ತೇ ಸಿಗುವುದಿಲ್ಲ. ಪೆರಿ ಕೈ ಹಾಕಲೂ ಇಲ್ಲ. ಬಲಗಾಲು ಚಾಚಿದರು. ಚೆಂಡು ಶೂಗೆ ಬಡಿದು ಮಿಡ್ ಆನ್ ಕಡೆಗೆ ತಿರುಗಿತು. ಅಲ್ಲಿದ್ದ ಲೀಸಾ ಸ್ಥಾಲೇಕರ್ ಹಿಡಿದುಕೊಂಡರು. ಒಂದೇ ರನ್. ಆಸ್ಟ್ರೇಲಿಯಾ ಮೂರು ರನ್‌ಗಳಿಂದ ಗೆದ್ದಿತು. 18 ರನ್ ಕೊಟ್ಟು ಮೂರು ವಿಕೆಟ್ ತೆಗೆದಿದ್ದ ಪೆರಿಯೇ ಪಂದ್ಯಶ್ರೇಷ್ಠೆ.

ಕಾಲು ಸುಮ್ನೆ ಚಾಚಿಕೊಂಡಿತು, ಅದೃಷ್ಟ ಅಂತ ಅಂದುಕೊಳ್ಳಬಹುದು. ಆದರೆ ಆ ಕಾಲಿಗೆ ಬೇರೆ ಒಂದು ಕೆಲಸವೂ ಇತ್ತು. ಪೆರಿ ಆಗ ಆಸ್ಟ್ರೇಲಿಯಾದ ಫುಟ್‌ಬಾಲ್ ತಂಡದ ಡಿಫೆಂಡರ್. ಗೋಲಿನ ಕಡೆ ಹೋಗುವ ಚೆಂಡಿಗೆ ಕಾಲು ಅಡ್ಡ ಇಡುವುದು ಡಿಫೆಂಡರ್‌ಗೆ ದಿನದ ಪಾಠ. ನೆನಪಿಸಿಕೊಂಡು ಮಾಡುವ ಕೆಲಸ ಅಲ್ಲ, ದೇಹವೇ ಮಾಡಿಬಿಡುತ್ತದೆ.

ಇನ್ನೊಂದು ವಿಷಯವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಎದುರಿಗಿದ್ದ ಸೋಫಿ ಡಿವೈನ್ ನ್ಯೂಜಿಲೆಂಡ್ ಹಾಕಿ ತಂಡಕ್ಕೂ ಆಡಿದವರು. ಅದೇ ತಂಡದ ಸೂಝಿ ಬೇಟ್ಸ್ ಎರಡು ವರ್ಷ ಮೊದಲು, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ, ನ್ಯೂಜಿಲೆಂಡ್ ಪರ ಬಾಸ್ಕೆಟ್‌ಬಾಲ್ ಆಡಿ ಬಂದಿದ್ದರು. ಒಂದು ಕ್ರಿಕೆಟ್ ಫೈನಲ್. ಅದರೊಳಗೆ ಒಬ್ಬ ಫುಟ್‌ಬಾಲ್ ಆಟಗಾರ್ತಿ, ಒಬ್ಬ ಹಾಕಿ ಆಟಗಾರ್ತಿ, ಒಬ್ಬ ಬಾಸ್ಕೆಟ್‌ಬಾಲ್ ಆಟಗಾರ್ತಿ. ಮೂವರೂ ದೇಶದ ಮಟ್ಟದವರು.

ಇವತ್ತು ಯಾವುದಾದರೂ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಹೀಗೆ ಮೂವರು ಸಿಗುತ್ತಾರಾ? ಸಿಗುವುದು ತುಂಬಾ ಕಷ್ಟ. ಅಂಥ ಪ್ರತಿಭೆ ಹುಟ್ಟುತ್ತಿಲ್ಲ ಅಂತ ಅಲ್ಲ. ಮಹಿಳಾ ಕ್ರೀಡೆಗೆ ದುಡ್ಡು ಬಂತು. ದುಡ್ಡಿನ ಜೊತೆ ಕ್ಯಾಲೆಂಡರ್ ಬಂತು. ಆ ಕ್ಯಾಲೆಂಡರ್‌ನಲ್ಲಿ ಎರಡನೇ ಆಟಕ್ಕೆ ಜಾಗ ಉಳಿಯಲಿಲ್ಲ. ಪೆರಿ ನಿಂತಿದ್ದು ಆ ಬಾಗಿಲು ಮುಚ್ಚುತ್ತಿದ್ದ ಹೊತ್ತಿನಲ್ಲಿ. ಅದಕ್ಕೇ ಅವರ ವೃತ್ತಿಜೀವನವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು ಅನ್ನಿಸುತ್ತದೆ.

ಎರಡು ವಾರದಲ್ಲಿ ಎರಡು ಜೆರ್ಸಿ

ನಮ್ಮವರಿಗೆ ಪೆರಿ ಗೊತ್ತಿರುವುದು ಆರ್‌ಸಿಬಿಯಿಂದ. 2023ರ ಮಹಿಳಾ ಪ್ರೀಮಿಯರ್ ಲೀಗ್ (ಡಬ್ಲ್ಯುಪಿಎಲ್) ಹರಾಜಿನಲ್ಲಿ 1.70 ಕೋಟಿ ರೂಪಾಯಿಗೆ ಬೆಂಗಳೂರು ತಂಡ ಸೇರಿದರು. 2024ರ ಮಾರ್ಚ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಯುಪಿ ವಾರಿಯರ್ಸ್ ವಿರುದ್ಧ ಹೊಡೆದ ಸಿಕ್ಸರ್ ಹೋಗಿ ಪ್ರದರ್ಶನಕ್ಕೆ ನಿಲ್ಲಿಸಿದ್ದ ಕಾರಿನ ಕಿಟಕಿ ಗಾಜು ಒಡೆದಿದ್ದು ಇಡೀ ಊರಿಗೆ ನೆನಪಿದೆ. ಆ ಗಾಜಿನ ಚೂರುಗಳಿಗೆ ಫ್ರೇಮ್ ಹಾಕಿಸಿ ಆಮೇಲೆ ಅವರಿಗೇ ಕೊಟ್ಟರು. ಅದೇ ಸೀಸನ್‌ನಲ್ಲಿ ಮುಂಬೈ ವಿರುದ್ಧ 15 ರನ್‌ಗೆ ಆರು ವಿಕೆಟ್, ಟೂರ್ನಿಯಲ್ಲಿ ಎಲ್ಲರಿಗಿಂತ ಜಾಸ್ತಿ ಅಂದರೆ 347 ರನ್, ಕೊನೆಗೆ ಆರ್‌ಸಿಬಿಗೆ ಮೊದಲ ಕಪ್. ಆದರೆ ಅಷ್ಟರಲ್ಲಿ ಅವರ ಫುಟ್‌ಬಾಲ್ ಮುಗಿದು ಎಷ್ಟೋ ವರ್ಷ ಆಗಿತ್ತು. ಚಿನ್ನಸ್ವಾಮಿಯಲ್ಲಿ ‘ಪೆರಿ ಪೆರಿ’ ಅಂತ ಕೂಗಿದ ಹುಡುಗಿಯರಲ್ಲಿ ಎಷ್ಟೋ ಜನ ಆಕೆ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಗೋಲ್ ಹೊಡೆದಾಗ ಇನ್ನೂ ಅಂಗನವಾಡಿಗೂ ಹೋಗುತ್ತಿರಲಿಲ್ಲ.

ಪೆರಿ ಹುಟ್ಟಿದ್ದು 1990ರ ನವೆಂಬರ್ 3ರಂದು, ಸಿಡ್ನಿಯ ಉತ್ತರ ಭಾಗದ ವಹ್ರೂಂಗಾದಲ್ಲಿ. 2007ರ ಜುಲೈ 22ರಂದು ಡಾರ್ವಿನ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಮೊದಲ ಏಕದಿನ ಪಂದ್ಯ ಆಡಿದಾಗ 16 ವರ್ಷ 8 ತಿಂಗಳು. ಗಂಡಸರು, ಹೆಂಗಸರು ಇಬ್ಬರನ್ನೂ ಸೇರಿಸಿ, ಅಲ್ಲಿಯವರೆಗೆ ಆಸ್ಟ್ರೇಲಿಯಾ ಪರ ಅಷ್ಟು ಚಿಕ್ಕ ವಯಸ್ಸಿಗೆ ಕ್ರಿಕೆಟ್ ಆಡಿದವರೇ ಇರಲಿಲ್ಲ. ಸರಿಯಾಗಿ 13 ದಿನದ ನಂತರ, ಆಗಸ್ಟ್ 4ರಂದು, ಹಾಂಗ್‌ಕಾಂಗ್ ವಿರುದ್ಧ ಒಲಿಂಪಿಕ್ ಅರ್ಹತಾ ಪಂದ್ಯದಲ್ಲಿ ಫುಟ್‌ಬಾಲ್ ಜೆರ್ಸಿ. ಆಟ ಶುರುವಾದ ಎರಡನೇ ನಿಮಿಷಕ್ಕೇ ಗೋಲ್. ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗಿ.

2009ರಲ್ಲಿ ಕ್ರಿಕೆಟ್ ವಿಶ್ವಕಪ್, 2011ರಲ್ಲಿ ಜರ್ಮನಿಯಲ್ಲಿ ಫುಟ್‌ಬಾಲ್ ವಿಶ್ವಕಪ್. ಎರಡನ್ನೂ ಆಡಿದ ಜಗತ್ತಿನ ಮೊದಲ ಮಹಿಳೆ ಪೆರಿ ಅಂತ ಎಷ್ಟೋ ಕಡೆ ಬರೆಯುತ್ತಾರೆ. ಅದು ತಪ್ಪು. ಇಂಗ್ಲೆಂಡಿನ ಕ್ಲೇರ್ ಟೇಲರ್ 1993ರ ಕ್ರಿಕೆಟ್ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು, 1995ರ ಫುಟ್‌ಬಾಲ್ ವಿಶ್ವಕಪ್ ತಂಡದಲ್ಲೂ ಇದ್ದರು. ಪೆರಿ ಆಸ್ಟ್ರೇಲಿಯಾದ ಮಟ್ಟಿಗೆ ಮೊದಲಿಗರು. ಈ ತಿದ್ದುಪಡಿಯಿಂದ ಪೆರಿ ಸಣ್ಣವರಾಗುವುದಿಲ್ಲ. ಆದರೆ ಟೇಲರ್ ಹೆಸರು ಮರೆತುಹೋಗಬಾರದು ಅಲ್ವಾ?

2011ರ ಜುಲೈ 10, ಔಗ್ಸ್‌ಬರ್ಗ್. ಸ್ವೀಡನ್ ವಿರುದ್ಧ ಕ್ವಾರ್ಟರ್ ಫೈನಲ್. ಆಸ್ಟ್ರೇಲಿಯಾ ಎರಡು ಗೋಲ್ ಹಿಂದೆ. ವಿರಾಮಕ್ಕೆ ಇನ್ನೇನು ಐದು ನಿಮಿಷ ಇರುವಾಗ ಕಾರ್ನರ್ ಸಿಕ್ಕಿತು. ಚೆಂಡು ಪೆನಾಲ್ಟಿ ಬಾಕ್ಸ್‌ನ ಹೊರಗಿದ್ದ ಪೆರಿಗೆ ಬಂತು. ಎದುರಿದ್ದವರನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಕೊಂಡು, ಎಡಗಾಲಿನಲ್ಲಿ ಬಾಗಿಸಿ ಒಂದು ಹೊಡೆತ. ಚೆಂಡು ಗೋಲ್‌ಕೀಪರ್ ಕೈಗೆ ಎಟುಕದ ಮೂಲೆಗೆ ಹೋಗಿ ಬಿತ್ತು. ಆಸ್ಟ್ರೇಲಿಯಾ ಆ ಪಂದ್ಯ 3-1ರಿಂದ ಸೋತಿತು. ಆದರೆ ಆ ಗೋಲ್ ಮರೆಯುವಂಥದ್ದಲ್ಲ. ಬ್ರಿಜ್‌ಟೌನ್‌ನಲ್ಲಿ ಬಲಗಾಲು, ಔಗ್ಸ್‌ಬರ್ಗ್‌ನಲ್ಲಿ ಎಡಗಾಲು. 14 ತಿಂಗಳ ಅಂತರ.

ಒಟ್ಟು ಲೆಕ್ಕ ಹಾಕಿದರೆ ದೇಶಕ್ಕಾಗಿ 18 ಫುಟ್‌ಬಾಲ್ ಪಂದ್ಯ, ಮೂರು ಗೋಲ್. ಕ್ರಿಕೆಟ್ ಪಟ್ಟಿ ಅದಕ್ಕಿಂತ ಎಷ್ಟೋ ಉದ್ದ. 18 ಪಂದ್ಯ ಕಡಿಮೆ ಅನ್ನಿಸಬಹುದು. ಯಾಕೆ ಅಷ್ಟಕ್ಕೇ ನಿಂತಿತು ಅನ್ನುವುದೇ ಇಲ್ಲಿ ಮುಖ್ಯ.

ದುಡ್ಡೂ ಇರಲಿಲ್ಲ, ಬೇಲಿಯೂ ಇರಲಿಲ್ಲ

2007ರಲ್ಲಿ ಆಸ್ಟ್ರೇಲಿಯಾದ ಮಹಿಳಾ ಕ್ರಿಕೆಟ್‌ನಿಂದ ಜೀವನ ಸಾಗುತ್ತಿರಲಿಲ್ಲ. ಆಡುವವರು ಕೆಲಸಕ್ಕೆ ಹೋಗಿ, ಕಾಲೇಜಿಗೆ ಹೋಗಿ, ಸಂಜೆ ನೆಟ್ಸ್‌ಗೆ ಬರುತ್ತಿದ್ದರು. ಫುಟ್‌ಬಾಲ್‌ನ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ಅಲ್ಲಿನ ಮಹಿಳಾ ಲೀಗ್ ಶುರುವಾಗಿದ್ದೇ 2008ರಲ್ಲಿ. 2015ರಲ್ಲೂ ಆಸ್ಟ್ರೇಲಿಯಾ ಫುಟ್‌ಬಾಲ್ ತಂಡದ ಹುಡುಗಿಯರಿಗೆ ವರ್ಷಕ್ಕೆ ಸಿಗುತ್ತಿದ್ದ ಮೂಲ ಸಂಬಳ ಸುಮಾರು 21,000 ಡಾಲರ್, ಅಲ್ಲಿನ ಕನಿಷ್ಠ ಕೂಲಿಗಿಂತ ಕಡಿಮೆ. ಅದೇ ವರ್ಷ ವಿಶ್ವಕಪ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿ ಬಂದವರು ಅವರು. ಸೆಪ್ಟೆಂಬರ್‌ನಲ್ಲಿ ಎಲ್ಲರೂ ಒಟ್ಟಾಗಿ ಮುಷ್ಕರ ಮಾಡಿದರು, ಅಮೆರಿಕ ಪ್ರವಾಸವನ್ನೇ ಬಿಟ್ಟರು.

ಕೊಡುವವರು ಕಡಿಮೆ ಕೊಟ್ಟರೆ ಕೇಳುವುದೂ ಕಡಿಮೆ. ವರ್ಷಕ್ಕೆ ಕೆಲವೇ ಪಂದ್ಯ, ಉಳಿದ ದಿನ ಖಾಲಿ. ಆ ಖಾಲಿ ದಿನಗಳಲ್ಲಿ ಬೇರೆಯವರು ಅಂಗಡಿಯಲ್ಲೋ ಆಫೀಸಿನಲ್ಲೋ ಕೆಲಸ ಮಾಡಿದರು. ಪೆರಿಯಂಥವರು ಇನ್ನೊಂದು ಆಟ ಆಡಿದರು. ಎರಡು ಆಟದ ಬದುಕು ಸಾಧ್ಯವಾಗಿದ್ದು ಪ್ರತಿಭೆಯಿಂದ ಮಾತ್ರ ಅಲ್ಲ. ಎರಡೂ ಕಡೆ ಬಡತನ ಇದ್ದದ್ದರಿಂದಲೂ ಹೌದು. ಇದನ್ನು ಹೇಳುವಾಗ ನನಗೆ ಸಂಕಟವೇ ಆಗುತ್ತದೆ. ಯಾಕೆಂದರೆ ಆ ಬಡತನ ವಾಪಸ್ ಬರಲಿ ಅಂತ ನಾನು ಖಂಡಿತ ಬಯಸುವುದಿಲ್ಲ.

ಗಂಡಸರ ಆಟದಲ್ಲಿ ಇದೇ ಕಥೆ ಎಷ್ಟೋ ವರ್ಷ ಮೊದಲು ನಡೆದುಹೋಗಿದೆ. ಇಂಗ್ಲೆಂಡಿನ ಡೆನಿಸ್ ಕಾಂಪ್ಟನ್ ಬೇಸಿಗೆಯಲ್ಲಿ ಟೆಸ್ಟ್ ಆಡಿ, ಚಳಿಗಾಲದಲ್ಲಿ ಆರ್ಸೆನಲ್‌ಗೆ ಫುಟ್‌ಬಾಲ್ ಆಡುತ್ತಿದ್ದರು. ನಮ್ಮಲ್ಲಿ ಚುನಿ ಗೋಸ್ವಾಮಿ 1962ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಫುಟ್‌ಬಾಲ್ ತಂಡದ ನಾಯಕರು, ಆಮೇಲೆ ಬಂಗಾಳ ರಣಜಿ ತಂಡದ ನಾಯಕರೂ ಆದರು. ಫುಟ್‌ಬಾಲ್ ಸೀಸನ್ ಉದ್ದವಾಗುತ್ತಾ, ಕ್ರಿಕೆಟ್ ವರ್ಷಪೂರ್ತಿ ಹರಡುತ್ತಾ ಹೋದ ಹಾಗೆ ಅಂಥವರು ಕಾಣೆಯಾದರು. ಮಹಿಳೆಯರಿಗೆ ಅದೇ ಘಟ್ಟ ನಾಲ್ಕೈದು ದಶಕ ತಡವಾಗಿ ಬಂತು. ಅವರಿಗೆ ಎಲ್ಲವೂ ತಡವಾಗಿ ಬಂದ ಹಾಗೆ.

ಆಸ್ಟ್ರೇಲಿಯಾದಲ್ಲಿ ಇನ್ನೊಂದು ತೊಡಕಿತ್ತು. ಅಲ್ಲಿ ಚಳಿಗಾಲದಲ್ಲಿ ರಗ್ಬಿ ಮತ್ತು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ (ಕೈಯನ್ನೂ ಬಳಸುವ, ಅಲ್ಲಿಯದೇ ಆದ ಬೇರೆ ಆಟ) ಎರಡರದ್ದೇ ರಾಜ್ಯಭಾರ. ಹಾಗಾಗಿ ನಾವು ಫುಟ್‌ಬಾಲ್ ಅನ್ನುವ ಆಟದ ಲೀಗ್ ನಡೆಯುವುದು ಬೇಸಿಗೆಯಲ್ಲಿ, ಕ್ರಿಕೆಟ್ ನಡೆಯುವ ಅದೇ ತಿಂಗಳುಗಳಲ್ಲಿ. ಕಾಂಪ್ಟನ್‌ಗೆ ಇದ್ದ ‘ಒಂದು ಮುಗಿದ ಮೇಲೆ ಇನ್ನೊಂದು’ ಅನ್ನುವ ಅನುಕೂಲ ಪೆರಿಗೆ ಇರಲೇ ಇಲ್ಲ. ಪ್ರತಿ ವಾರಾಂತ್ಯವೂ ಎಳೆದಾಟ.

2012ರಲ್ಲಿ ಆ ಎಳೆದಾಟ ಹೊರಗೆ ಬಂತು. ಪೆರಿ ಆಡುತ್ತಿದ್ದ ಫುಟ್‌ಬಾಲ್ ಕ್ಲಬ್ ಕ್ಯಾನ್ಬೆರಾ ಯುನೈಟೆಡ್ ‘ಒಂದನ್ನು ಆರಿಸಿಕೋ’ ಅಂದಿತು. ಪೆರಿ ಆರಿಸಿಕೊಂಡಿದ್ದು ಕ್ಲಬ್ ಬಿಡುವುದನ್ನು. ಎರಡೂ ಆಟಕ್ಕೆ ಅವಕಾಶ ಕೊಟ್ಟ ಸಿಡ್ನಿ ಎಫ್‌ಸಿ ಸೇರಿದರು. ಕ್ಯಾನ್ಬೆರಾದವರನ್ನು ದೂರುವುದು ಸುಲಭ, ಆದರೆ ಅವರ ಜಾಗದಲ್ಲಿ ನಿಂತು ನೋಡಿ. ತಂಡ ಕಟ್ಟುವ ಕೋಚ್‌ಗೆ ಶನಿವಾರ ಯಾರು ಬರುತ್ತಾರೆ ಅಂತ ಗೊತ್ತಿರಬೇಕು. ಬೆಂಚಿನ ಮೇಲೆ ಕೂತ ಹುಡುಗಿ ವಾರವಿಡೀ ಅಭ್ಯಾಸಕ್ಕೆ ಬಂದಿರುತ್ತಾಳೆ, ಅವಳಿಗೆ ಏನು ಉತ್ತರ ಹೇಳುವುದು? ಇಬ್ಬರದ್ದೂ ನ್ಯಾಯವೇ. ಆಟ ದೊಡ್ಡದಾಗುತ್ತಾ ಹೋದಂತೆ ಇಂಥ ಎರಡು ನ್ಯಾಯಗಳ ನಡುವೆ ಜಾಗ ಸಣ್ಣದಾಗುತ್ತಾ ಹೋಗುತ್ತದೆ.

2013ರ ನಂತರ ಪೆರಿ ದೇಶದ ಫುಟ್‌ಬಾಲ್ ತಂಡಕ್ಕೆ ಆಡಲಿಲ್ಲ. 2015ರ ಕೊನೆಯಲ್ಲಿ ಅಲ್ಲಿನ ಟಿ20 ಲೀಗ್ ಮಹಿಳಾ ಬಿಗ್ ಬ್ಯಾಷ್ ಶುರುವಾಯಿತು, ಸಿಡ್ನಿ ಸಿಕ್ಸರ್ಸ್‌ಗೆ ಅವರೇ ನಾಯಕಿ. 2016ರ ಹೊತ್ತಿಗೆ ಕ್ಲಬ್ ಫುಟ್‌ಬಾಲ್ ಕೂಡ ಮುಗಿಯಿತು. 2017ರಲ್ಲಿ ಆಸ್ಟ್ರೇಲಿಯಾ ಕ್ರಿಕೆಟ್ ಮಂಡಳಿಯ ಹೊಸ ಒಪ್ಪಂದದಲ್ಲಿ ಮಹಿಳೆಯರಿಗೆ ಕೊಡುವ ಒಟ್ಟು ಹಣ 75 ಲಕ್ಷ ಡಾಲರ್‌ನಿಂದ 5 ಕೋಟಿ 52 ಲಕ್ಷ ಡಾಲರ್‌ಗೆ ಏರಿತು. ಫುಟ್‌ಬಾಲ್‌ನಲ್ಲಿ 2019ರಲ್ಲಿ ಗಂಡಸರ ತಂಡಕ್ಕೆ ಸಮನಾದ ಒಪ್ಪಂದ ಬಂತು. ಎರಡೂ ಗೆಲುವುಗಳೇ. ಹೋರಾಡಿ ಪಡೆದದ್ದು.

2017ರ ನವೆಂಬರ್‌ನಲ್ಲಿ, ನಾರ್ತ್ ಸಿಡ್ನಿ ಓವಲ್‌ನಲ್ಲಿ ನಡೆದ ಮೊದಲ ಮಹಿಳಾ ಹಗಲು-ರಾತ್ರಿ ಟೆಸ್ಟ್‌ನಲ್ಲಿ ಪೆರಿ ಔಟಾಗದೆ 213 ಹೊಡೆದರು. 2019ರಲ್ಲಿ ಕ್ಯಾಂಟರ್‌ಬರಿಯಲ್ಲಿ ಇಂಗ್ಲೆಂಡ್ ವಿರುದ್ಧ 22 ರನ್‌ಗೆ ಏಳು ವಿಕೆಟ್. ಅಂತಾರಾಷ್ಟ್ರೀಯ ಟಿ20ಯಲ್ಲಿ ಸಾವಿರ ರನ್, ನೂರು ವಿಕೆಟ್ ಎರಡನ್ನೂ ಮುಟ್ಟಿದ ಮೊದಲಿಗರು ಅವರು. ಗಂಡಸರಲ್ಲಿ ಕೂಡ ಅಲ್ಲಿಯವರೆಗೆ ಯಾರೂ ಮಾಡಿರಲಿಲ್ಲ. ಶುರುವಿನಲ್ಲಿ ಕೆಳಗಿನ ಕ್ರಮಾಂಕದಲ್ಲಿ ಬರುತ್ತಿದ್ದ ಬೌಲರ್, ಜಗತ್ತಿನ ಅತ್ಯುತ್ತಮ ಬ್ಯಾಟರ್‌ಗಳಲ್ಲಿ ಒಬ್ಬರಾದದ್ದು ಫುಟ್‌ಬಾಲ್ ಕಡಿಮೆಯಾದ ಮೇಲೆ. ಒಂದೇ ಆಟಕ್ಕೆ ಪೂರ್ತಿ ದಿನ ಸಿಕ್ಕರೆ ಏನಾಗುತ್ತದೆ ಅಂತ ಇದರಲ್ಲೇ ಕಾಣುತ್ತದೆ. ಎರಡು ಆಟದ ಕಾಲವೇ ಚೆನ್ನಾಗಿತ್ತು ಅಂತ ಹೇಳಹೊರಟವರು ಈ 213ಕ್ಕೆ ಉತ್ತರ ಕೊಡಬೇಕು.

ಪೆರಿಗೆ 2017ರಲ್ಲಿ, ಮತ್ತೆ 2019ರಲ್ಲಿ ಐಸಿಸಿ ವರ್ಷದ ಕ್ರಿಕೆಟರ್ ಪ್ರಶಸ್ತಿ ಬಂತು. ಅದು ರೇಚಲ್ ಹೇಹೋ ಫ್ಲಿಂಟ್ ಹೆಸರಿನಲ್ಲಿದೆ. 1973ರಲ್ಲಿ, ಗಂಡಸರ ವಿಶ್ವಕಪ್‌ಗಿಂತ ಎರಡು ವರ್ಷ ಮೊದಲೇ, ಮಹಿಳೆಯರ ಮೊದಲ ವಿಶ್ವಕಪ್ ನಡೆಯುವಂತೆ ಮಾಡಿದ ಇಂಗ್ಲೆಂಡ್ ನಾಯಕಿ. ಅವರು ಇಂಗ್ಲೆಂಡ್ ಹಾಕಿ ತಂಡದ ಗೋಲ್‌ಕೀಪರ್ ಕೂಡ ಆಗಿದ್ದರು! ಆ ಟ್ರೋಫಿಯ ಮೇಲಿನ ಹೆಸರೇ ಎರಡು ಆಟದವರದ್ದು.

ಈಗಿನ ಕ್ಯಾಲೆಂಡರ್ ತೆಗೆದು ನೋಡಿ. 2025ರ ಜನವರಿಯಲ್ಲಿ ಆಶಸ್. ಫೆಬ್ರವರಿ-ಮಾರ್ಚ್‌ನಲ್ಲಿ ಡಬ್ಲ್ಯುಪಿಎಲ್. ಆಗಸ್ಟ್‌ನಲ್ಲಿ ಇಂಗ್ಲೆಂಡಿನ ‘ಹಂಡ್ರೆಡ್’ ಲೀಗ್. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ 2ರವರೆಗೆ ಭಾರತ, ಶ್ರೀಲಂಕಾದಲ್ಲಿ ವಿಶ್ವಕಪ್. ಅದು ಮುಗಿದು ಒಂದು ವಾರಕ್ಕೆ ಬಿಗ್ ಬ್ಯಾಷ್. ಡಿಸೆಂಬರ್ ಮಧ್ಯದಲ್ಲಿ ಅದು ಮುಗಿದರೆ, ಜನವರಿ ಎರಡನೇ ವಾರಕ್ಕೆ ಮತ್ತೆ ಡಬ್ಲ್ಯುಪಿಎಲ್. ನಡುವೆ ಸರಣಿಗಳು ಬೇರೆ. ಇದರಲ್ಲಿ ಫುಟ್‌ಬಾಲ್ ಲೀಗನ್ನು ಎಲ್ಲಿ ತೂರಿಸುವುದು? 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಮತ್ತು ಮಹಿಳಾ ಫುಟ್‌ಬಾಲ್ ಎರಡೂ ಇವೆ. ಎರಡೂ ಅದೇ ಜುಲೈ ತಿಂಗಳಲ್ಲಿ. ಹೊಸದೊಬ್ಬ ಪೆರಿ ಬಂದರೂ ಅಲ್ಲಿ ಎರಡು ಕಡೆ ನಿಲ್ಲಲು ಆಗುವುದಿಲ್ಲ.

ದೇಹದ ಮಾತನ್ನೂ ಹೇಳಬೇಕು. 2013ರ ಫೆಬ್ರವರಿ 17, ಮುಂಬೈನ ಬ್ರಬೋರ್ನ್, ವೆಸ್ಟ್ ಇಂಡೀಸ್ ವಿರುದ್ಧ ವಿಶ್ವಕಪ್ ಫೈನಲ್. ಪೆರಿಯ ಎಡ ಕಣಕಾಲು ಕೆಟ್ಟಿತ್ತು. ಓಡಿ ಬಂದರು, ಚೆಂಡು ಬಿಡದೆ ನಿಂತುಬಿಟ್ಟರು. ಮತ್ತೆ ಹಿಂದೆ ಹೋದರು, ಮತ್ತೆ ಓಡಿ ಬಂದರು. ನೋಡುತ್ತಿದ್ದವರಿಗೇ ನೋವಾಗುವ ಹಾಗಿತ್ತು. ಕೊನೆಗೆ ಹತ್ತು ಓವರ್ ಹಾಕಿ 19 ರನ್‌ಗೆ ಮೂರು ವಿಕೆಟ್ ತೆಗೆದರು. ವೇಗದ ಬೌಲರ್‌ನ ಮುಂಗಾಲು ನೆಲಕ್ಕೆ ಬಡಿಯುವಾಗ ದೇಹದ ತೂಕದ ಹಲವು ಪಟ್ಟು ಭಾರ ಆ ಒಂದು ಕಾಲಿನ ಮೇಲೆ ಬೀಳುತ್ತದೆ. ಫುಟ್‌ಬಾಲ್‌ನಲ್ಲಿ 90 ನಿಮಿಷ ತಿರುಗುವುದು, ನಿಲ್ಲುವುದು, ಮತ್ತೆ ಓಡುವುದು. ಹೆಣ್ಣುಮಕ್ಕಳ ಮೊಣಕಾಲಿನ ಲಿಗಮೆಂಟ್ ಹರಿಯುವ ಅಪಾಯ ಗಂಡುಮಕ್ಕಳಿಗಿಂತ ಜಾಸ್ತಿ. ಒಂದೇ ಕಾಲು ಎರಡು ಯಜಮಾನರಿಗೆ ದುಡಿದರೆ ವಿಶ್ರಾಂತಿಯ ದಿನವನ್ನು ಯಾರು ಕೊಡಬೇಕು? ಇಬ್ಬರೂ ‘ನಮ್ಮ ಪಂದ್ಯ ಮುಗಿದ ಮೇಲೆ’ ಅನ್ನುತ್ತಾರೆ.

ಆ ಫೈನಲ್‌ನಲ್ಲಿ 75 ಹೊಡೆದು ಪಂದ್ಯಶ್ರೇಷ್ಠೆಯಾದ ಜೆಸ್ ಕ್ಯಾಮರಾನ್ ಕೂಡ ಆಮೇಲೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನ ಮಹಿಳಾ ಲೀಗ್ ಸೇರಿದರು. ಆ ಲೀಗ್ 2017ರಲ್ಲಿ ಶುರುವಾದಾಗ ಬೇರೆ ಬೇರೆ ಆಟದವರು ಬಂದರು. ಬಾಸ್ಕೆಟ್‌ಬಾಲ್‌ನಲ್ಲಿ ರಿಯೋ ಒಲಿಂಪಿಕ್ಸ್ ಆಡಿದ್ದ ಎರಿನ್ ಫಿಲಿಪ್ಸ್ ಮೊದಲ ವರ್ಷವೇ ಲೀಗ್‌ನ ಅತ್ಯುತ್ತಮ ಆಟಗಾರ್ತಿ. ಹೊಸ ಲೀಗ್, ಚಿಕ್ಕ ಸೀಸನ್, ಇನ್ನೂ ಪೂರ್ತಿ ಗಟ್ಟಿಯಾಗದ ಸಂಬಳ. ಬಾಗಿಲು ತೆರೆದಿರುವುದು ಯಾವಾಗಲೂ ಇಂಥ ಕಡೆಯೇ.

ಹಾಗಾದರೆ ಜೆಕ್ ದೇಶದ ಎಸ್ಟರ್ ಲೆಡೆಟ್ಸ್‌ಕಾ? 2018ರ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಕೀಯಿಂಗ್‌ನ ಸೂಪರ್-ಜಿ ಚಿನ್ನವನ್ನು ಒಂದು ಸೆಕೆಂಡಿನ ನೂರನೇ ಒಂದು ಭಾಗದಿಂದ ಗೆದ್ದು, ಒಂದು ವಾರದೊಳಗೆ ಸ್ನೋಬೋರ್ಡ್‌ನಲ್ಲೂ ಚಿನ್ನ ಗೆದ್ದವರು. ಇಂದಿನ ಕಾಲದಲ್ಲೂ ಆಕೆಗೆ ಸಾಧ್ಯವಾಯಿತಲ್ಲ ಅಂತ ಕೇಳಬಹುದು. ಒಂದು ಕಾರಣ, ಎರಡೂ ಆಟ ಒಂದೇ ಅಂತಾರಾಷ್ಟ್ರೀಯ ಸಂಸ್ಥೆಯ ಕೆಳಗೆ ಬರುತ್ತವೆ. ಎರಡೂ ಹಿಮದ ಮೇಲೆಯೇ, ಒಂದೇ ಋತುವಿನಲ್ಲೇ. ಇನ್ನೊಂದು ಕಾರಣ, ಎರಡೂ ಒಬ್ಬರೇ ಆಡುವ ಆಟ. ಬೆಂಚಿನ ಮೇಲೆ ಕಾಯುವ ಸಹ ಆಟಗಾರ್ತಿಗೆ ಉತ್ತರ ಕೊಡಬೇಕಾಗಿಲ್ಲ. ಅಷ್ಟಿದ್ದರೂ 2026ರ ಮಿಲಾನ್-ಕಾರ್ಟಿನಾ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಡೌನ್‌ಹಿಲ್ ಸ್ಕೀಯಿಂಗ್ ಮತ್ತು ಅವರ ಸ್ನೋಬೋರ್ಡ್ ಸ್ಪರ್ಧೆ ಒಂದೇ ದಿನ ಬಿದ್ದವು. ವೇಳಾಪಟ್ಟಿ ಬದಲಾಗಲಿಲ್ಲ. ಆಕೆ ಸ್ನೋಬೋರ್ಡ್ ಆರಿಸಿಕೊಂಡರು.

ನಮ್ಮ ಹುಡುಗಿಯರು ಯಾವಾಗ ಆರಿಸಬೇಕು?

ನಮ್ಮ ದೇಶದಲ್ಲೂ ಇಂಥವರು ಇದ್ದರು. ಶಿರಿನ್ ಕಿಯಾಶ್ ಹಾಕಿ, ಬಾಸ್ಕೆಟ್‌ಬಾಲ್, ಕ್ರಿಕೆಟ್ ಮೂರರಲ್ಲೂ ಭಾರತ ತಂಡಕ್ಕೆ ಆಡಿದರು. ಮೂರು! ಅವರ ಹೆಸರು ಎಷ್ಟು ಜನಕ್ಕೆ ಗೊತ್ತು? ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ ಸಾಫ್ಟ್‌ಬಾಲ್ ಆಡಿಕೊಂಡು ಬಂದವರು. ಅವರ ನಾಯಕತ್ವದಲ್ಲೇ ಭಾರತದ ಮಹಿಳಾ ತಂಡ 1976ರಲ್ಲಿ ಪಟ್ನಾದಲ್ಲಿ ಮೊದಲ ಟೆಸ್ಟ್ ಗೆದ್ದದ್ದು. ರಿಸರ್ವೇಷನ್ ಇಲ್ಲದ ರೈಲು ಬೋಗಿಯಲ್ಲಿ ಕೂತು, ಡಾರ್ಮಿಟರಿಯಲ್ಲಿ ನೆಲದ ಮೇಲೆ ಮಲಗಿ ಆಡಿದ ಪೀಳಿಗೆ ಅದು. ಅವರಿಗೂ ದುಡ್ಡು ಇರಲಿಲ್ಲ, ತಡೆಯುವವರೂ ಇರಲಿಲ್ಲ.

ಈಗಿನವರಲ್ಲಿ ಜೆಮಿಮಾ ರಾಡ್ರಿಗ್ಸ್ ಇದ್ದಾರೆ. ಚಿಕ್ಕಂದಿನಲ್ಲಿ ಮಹಾರಾಷ್ಟ್ರದ ವಯೋಮಿತಿ ಹಾಕಿ ತಂಡಗಳಿಗೆ ಆಡಿದ್ದರು. ಆಮೇಲೆ ಕ್ರಿಕೆಟ್ ಆರಿಸಿಕೊಂಡರು. 2025ರ ಅಕ್ಟೋಬರ್ 30ರಂದು ನವಿ ಮುಂಬೈನಲ್ಲಿ, ವಿಶ್ವಕಪ್ ಸೆಮಿಫೈನಲ್‌ನಲ್ಲಿ, ಆಸ್ಟ್ರೇಲಿಯಾ 338 ಹೊಡೆದಿತ್ತು. ಅದರಲ್ಲಿ ಪೆರಿಯದ್ದು 77. ಜೆಮಿಮಾ ಔಟಾಗದೆ 127 ಹೊಡೆದು ಗೆಲ್ಲಿಸಿದರು. ಒಂದು ಕಡೆ ದೇಶಕ್ಕಾಗಿ ಎರಡು ಆಟದ ಜೆರ್ಸಿ ಹಾಕಿದ ಹಿಂದಿನ ಕಾಲದವರು, ಇನ್ನೊಂದು ಕಡೆ ಹರೆಯದಲ್ಲೇ ಒಂದನ್ನು ಬಿಟ್ಟ ಈ ಕಾಲದವರು. ಜೆಮಿಮಾ ಬಿಟ್ಟದ್ದು ತಪ್ಪು ಅಂತ ಆ ರಾತ್ರಿ ಯಾರೂ ಹೇಳುತ್ತಿರಲಿಲ್ಲ. ನಾನೂ ಹೇಳುವುದಿಲ್ಲ. ಆದರೆ ಅವರು ಎರಡನ್ನೂ ಹದಿಹರೆಯದವರೆಗೆ ಆಡಿ, ಎರಡನ್ನೂ ಬಲ್ಲವರಾಗಿ ಬಿಟ್ಟರು. ಬೇಗ ಬಿಡಿಸುವುದಕ್ಕೂ ಬಲ್ಲವರಾಗಿ ಬಿಡುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ನನ್ನ ತಕರಾರು ಇರುವುದು ಅಲ್ಲೇ. ದೇಶದ ಮಟ್ಟದಲ್ಲಿ ಎರಡು ಆಟ ಆಡುವುದು ಇನ್ನು ಕಷ್ಟ, ಒಪ್ಪೋಣ. ಸಂಬಳ ಬರಲಿ, ಕ್ಯಾಲೆಂಡರ್ ತುಂಬಲಿ. ಆದರೆ ಆ ಮೇಲಿನ ಕ್ಯಾಲೆಂಡರ್ ಕೆಳಗೆ ಜಾರುತ್ತಾ 11-12 ವರ್ಷದ ಮಗುವಿನ ಮೇಲೆ ಬಂದು ಕೂರಬೇಕಾಗಿಲ್ಲ. ಬೆಂಗಳೂರಿನಲ್ಲಿ ಈಗ ಅಕಾಡೆಮಿಗೆ ಸೇರಿಸಿದರೆ ವಾರಕ್ಕೆ ಐದಾರು ದಿನ ಅದೊಂದೇ ಆಟ. ಫೀಸು ಕಟ್ಟಿದ ಅಪ್ಪ ಅಮ್ಮನಿಗೂ ‘ಬೇರೆ ಆಟ ಆಡಿ ಕೈಕಾಲು ಮುರ್ಕೊಂಡ್ರೆ’ ಅನ್ನುವ ಭಯ. ಕ್ರೀಡಾ ವಸತಿ ನಿಲಯಗಳಿಗೂ ಮಕ್ಕಳನ್ನು ಆರಿಸುವುದು ಒಂದೊಂದು ಆಟದ ಹೆಸರಿನಲ್ಲಿ. ಚಿಕ್ಕ ವಯಸ್ಸಿಗೇ ಒಂದೇ ಆಟಕ್ಕೆ ಕಟ್ಟಿಹಾಕಿದರೆ ಅದೇ ಕೀಲು, ಅದೇ ಮೂಳೆ ಮತ್ತೆ ಮತ್ತೆ ಸವೆಯುತ್ತದೆ, ಮನಸ್ಸೂ ಬೇಗ ದಣಿಯುತ್ತದೆ. ಮಕ್ಕಳ ಕ್ರೀಡೆಯ ಬಗ್ಗೆ ಕೆಲಸ ಮಾಡುವ ವೈದ್ಯರು ಇದನ್ನು ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ಒಲಿಂಪಿಕ್ ಸಮಿತಿ ಕೂಡ ಬೆಳೆಯುವ ವಯಸ್ಸಿನಲ್ಲಿ ಹಲವು ಆಟ ಆಡಿಸಿ ಅಂತಲೇ ಹೇಳಿದೆ.

ಆಸ್ಟ್ರೇಲಿಯಾದ ಆಶ್ಲೀ ಬಾರ್ಟಿ 2014ರಲ್ಲಿ ಟೆನಿಸ್ ಸಾಕಾಗಿ ಬಿಟ್ಟುಹೋದರು. ಆಗ 18 ವರ್ಷ. ನಂತರ ಬ್ರಿಸ್ಬೇನ್ ಹೀಟ್ ತಂಡದಲ್ಲಿ ಕ್ರಿಕೆಟ್ ಆಡಿದರು. ತಂಡದ ಜೊತೆ ಇರುವುದರ ಖುಷಿ ಕಂಡರು. 2016ರಲ್ಲಿ ಟೆನಿಸ್‌ಗೆ ವಾಪಸ್ ಬಂದವರು ಫ್ರೆಂಚ್ ಓಪನ್, ವಿಂಬಲ್ಡನ್, ಆಸ್ಟ್ರೇಲಿಯನ್ ಓಪನ್ ಮೂರನ್ನೂ ಗೆದ್ದರು. ಎರಡನೇ ಆಟ ಕೆಲವೊಮ್ಮೆ ಮೊದಲ ಆಟವನ್ನೇ ಉಳಿಸಿಕೊಡುತ್ತದೆ.

ನಮ್ಮ ಹಳ್ಳಿ ಕಡೆಯ ಸರ್ಕಾರಿ ಶಾಲೆಗಳಲ್ಲಿ ಒಂದು ಒಳ್ಳೆಯ ವಿಷಯ ಇನ್ನೂ ಉಳಿದಿದೆ. ಅಲ್ಲಿ ಚುರುಕಾದ ಒಬ್ಬ ಹುಡುಗಿ ಸಿಕ್ಕರೆ ಎಲ್ಲದಕ್ಕೂ ಅವಳೇ. ಖೋ ಖೋಗೂ ಅವಳೇ, ಕಬಡ್ಡಿಗೂ ಅವಳೇ, 400 ಮೀಟರ್ ಓಟಕ್ಕೂ ಅವಳೇ. ಬೇರೆ ದಾರಿ ಇಲ್ಲದೆ ಹಾಗೆ ಮಾಡುತ್ತಾರೆ ನಿಜ. ಆದರೂ ಆ ಕಾಲು ಬೇರೆ ಬೇರೆ ಥರ ಓಡುವುದನ್ನು ಕಲಿಯುತ್ತದೆ. ಹತ್ತನೇ ಕ್ಲಾಸ್ ಬರುತ್ತಿದ್ದ ಹಾಗೆ ಎಲ್ಲವನ್ನೂ ಒಟ್ಟಿಗೇ ಬಿಡಿಸುತ್ತಾರೆ ಅನ್ನುವುದು ಬೇರೆ ನೋವು.

ಕೆಲವು ವರ್ಷದ ಹಿಂದೆ ತಾಲ್ಲೂಕು ಮಟ್ಟದ ಕ್ರೀಡಾಕೂಟವೊಂದಕ್ಕೆ ಹೋಗಿದ್ದೆ. ನೆಂಟರ ಮಗಳು ಆಡುತ್ತಿದ್ದಳು. ಒಂದೇ ಮೈದಾನ. ಒಂದು ತುದಿಯಲ್ಲಿ ಖೋ ಖೋ ಸೆಮಿಫೈನಲ್, ಇನ್ನೊಂದು ತುದಿಯಲ್ಲಿ ಥ್ರೋಬಾಲ್ ಫೈನಲ್‌ಗೆ ಸುಣ್ಣದ ಗೆರೆ ಎಳೆಯುತ್ತಿದ್ದಾರೆ. ಅವಳ ಶಾಲೆ ಎರಡರಲ್ಲೂ ಇದೆ, ಎರಡು ತಂಡದಲ್ಲೂ ಅವಳಿದ್ದಾಳೆ. ಮೈಕಿನಲ್ಲಿ ಥ್ರೋಬಾಲ್‌ನವರನ್ನು ಕೂಗುತ್ತಿದ್ದಾರೆ. ಅವಳು ಖೋ ಖೋ ಚೌಕದಲ್ಲಿ ಕೂತಿದ್ದಾಳೆ, ಕಣ್ಣು ಮಾತ್ರ ಆ ಕಡೆ. ಅವರ ಪಿಟಿ ಮೇಷ್ಟ್ರು, ಬಿಸಿಲಿಗೆ ತಲೆ ಮೇಲೆ ಟವೆಲ್ ಹಾಕಿಕೊಂಡವರು, ಮೈದಾನ ದಾಟಿ ಆಯೋಜಕರ ಟೇಬಲ್ ಹತ್ತಿರ ಹೋದರು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಎದುರಾಳಿ ಶಾಲೆಯ ಮೇಡಂ ಕೂಡ ಬಂದರು, ತಲೆಯಾಡಿಸಿದರು. ಮೈಕಿನಲ್ಲಿ ಹೇಳಿದರು: ಥ್ರೋಬಾಲ್ ಫೈನಲ್ ಅರ್ಧ ಗಂಟೆ ತಡವಾಗಿ ಶುರು.

ಖೋ ಖೋ ಮುಗಿಯಿತು. ಹುಡುಗಿ ಮೈದಾನದ ಆ ತುದಿಯಿಂದ ಈ ತುದಿಗೆ ಬರಿಗಾಲಲ್ಲಿ ಓಡಿ ಬಂದಳು. ಮೊಣಕಾಲಿಗೆ ಅಂಟಿದ್ದ ಮಣ್ಣನ್ನು ಕೈಯಲ್ಲೇ ಒರೆಸಿಕೊಂಡಳು. ಯಾರೋ ನೀರಿನ ಬಾಟಲಿ ಕೊಟ್ಟರು, ಅರ್ಧ ಕುಡಿದು, ಅರ್ಧ ಮುಖಕ್ಕೆ ಚೆಲ್ಲಿಕೊಂಡು, ಚೆಂಡು ಕೊಡಿ ಅಂತ ಕೈ ಚಾಚಿದಳು.